ನೀರಾ ಇಳಿಸೋಕೆ ಒಬ್ಬರಿಂದ ಆಗಲ್ಲ, ಸಂಘ ಬೇಕು: ಅರಸೀಕೆರೆ ಭಾಗದ ತೆಂಗು ಬೆಳೆಗಾರರು ತಿಳಿದಿರಬೇಕಾದ ಸಂಗತಿಗಳು

ಅರಸೀಕೆರೆ: ಕೊಬ್ಬರಿ ಬೆಲೆ ಬಿದ್ದಾಗಲೆಲ್ಲ ತೆಂಗಿನ ಸೀಮೆಯಲ್ಲಿ ಏಳುವ ಪ್ರಶ್ನೆ ಒಂದೇ, ನೀರಾ ಇಳಿಸಿದ್ರೆ ಹೇಗೆ? ಉಂಡೆ ಕೊಬ್ಬರಿಗೆ ಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿಸಬೇಕು. ಅಷ್ಟು ಕಾದ ಮೇಲೂ ಬೆಲೆ ರೈತನ ಕೈಯಲ್ಲಿಲ್ಲ. 2023ರಲ್ಲಿ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ ಇದ್ದರೂ ಮಾರುಕಟ್ಟೆಯಲ್ಲಿ ಅದಕ್ಕಿಂತ ಬಹಳ ಕಡಿಮೆಗೆ ಮಾರಬೇಕಾಯ್ತು. ನೀರಾ ಆದರೆ ದಿನದಿನದ ದುಡ್ಡು. ಆದರೆ ಒಬ್ಬ ರೈತ ತನ್ನಷ್ಟಕ್ಕೆ ತಾನೇ ಮಾಡುವ ಕೆಲಸ ಅಲ್ಲ ಇದು.

ನೀರಾ ಬೇರೆ, ಹೆಂಡ ಬೇರೆ

ಬಿರಿಯದ ಹೊಂಬಾಳೆಯ ತುದಿ ಕೊಯ್ದಾಗ ಇಳಿಯುವ ಸಿಹಿ ರಸವೇ ನೀರಾ. ಇಳಿದಾಗ ಅದರಲ್ಲಿ ಅಮಲು ಇರೋದಿಲ್ಲ. ಹಾಗೇ ಬಿಟ್ಟರೆ ಕೆಲವೇ ಗಂಟೆಗಳಲ್ಲಿ ಯೀಸ್ಟ್ ಸೇರಿ ಹುದುಗುತ್ತೆ, ಆಗ ಅದು ಹೆಂಡ. ಇನ್ನೂ ಬಿಟ್ಟರೆ ಹುಳಿ ವಿನೆಗರ್. ದ್ರಾಕ್ಷಿ ರಸ ವೈನ್ ಆಗೋದೂ ಇದೇ ಹುದುಗಿನಿಂದ. ವೈನ್ ಮಾಡುವವರು ರಸ ಹುದುಗಲಿ ಅಂತ ಕಾಯ್ತಾರೆ, ನೀರಾ ಮಾಡುವವರು ಹುದುಗಬಾರದು ಅಂತ ಒದ್ದಾಡ್ತಾರೆ.

ಹಿಂದೆ ಮಡಕೆಗೆ ಸುಣ್ಣ ಬಳಿದು ಹುದುಗು ತಡೀತಿದ್ದರು. ಈಗ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಬೇರೆ ವಿಧಾನ ರೂಪಿಸಿದೆ. ಹೊಂಬಾಳೆಗೆ ಮಂಜುಗಡ್ಡೆ ಇರುವ ಪೆಟ್ಟಿಗೆ ಕಟ್ಟಿ ರಸ ಹಿಡೀತಾರೆ. ಸುಣ್ಣ ಬೇಕಿಲ್ಲ. ಈ ರಸಕ್ಕೆ ‘ಕಲ್ಪರಸ’ ಅಂತ ಹೆಸರು. ಕಾಯಿಸಿದರೆ ತೆಂಗಿನ ಬೆಲ್ಲ, ಸಕ್ಕರೆ ಆಗುತ್ತೆ.

ಹೋರಾಟದ ನೆನಪು

1990ರ ದಶಕದ ಕೊನೆಯಲ್ಲಿ ನುಸಿ ರೋಗ ಬಂದು ತೆಂಗಿನ ಆದಾಯ ಕುಸಿದಾಗ ರೈತರು ನೀರಾ ಇಳಿಸಲು ಅವಕಾಶ ಕೇಳಿ ಬೀದಿಗಿಳಿದರು. 2001ರಲ್ಲಿ ಚನ್ನಪಟ್ಟಣ ತಾಲ್ಲೂಕಿನ ವಿಠಲೇನಹಳ್ಳಿಯಲ್ಲಿ ಪೊಲೀಸ್ ಗುಂಡಿಗೆ ರೈತರು ಬಲಿಯಾದರು. ನೀರಾ ಅಂದರೆ ಬರೀ ತಂಪು ಪಾನೀಯ ಅಲ್ಲ, ಅದರ ಹಿಂದೆ ಪ್ರಾಣ ಹೋದ ಲೆಕ್ಕವೂ ಇದೆ.

ಸಂಘ ಯಾಕೆ?

ಲೆಕ್ಕ ಸರಳ. ಮರಕ್ಕೆ ದಿನಕ್ಕೆ ಎರಡು ಲೀಟರ್ ಅಂತ ಹಿಡಿದರೂ ಹತ್ತು ಮರಕ್ಕೆ ಇಪ್ಪತ್ತು ಲೀಟರ್. ಅಷ್ಟಕ್ಕೇ ಮರ ಹತ್ತುವವರು, ಮಂಜುಗಡ್ಡೆ, ತಂಪು ಟ್ಯಾಂಕ್, ಗಾಡಿ ಎಲ್ಲ ಇಟ್ಟುಕೊಂಡರೆ ಗಿಟ್ಟಲ್ಲ. ಊರಿನ ಹತ್ತಾರು ತೋಟ ಸೇರಿದರೆ ಮಾತ್ರ ಖರ್ಚು ಹಂಚಿಹೋಗುತ್ತೆ.

ನಮ್ಮ ರಾಜ್ಯದಲ್ಲೇ ಇದಕ್ಕೆ ಉದಾಹರಣೆ ಇದೆ. ಇವತ್ತಿನ ಹಾಪ್‌ಕಾಮ್ಸ್ 1959ರಲ್ಲಿ ಹುಟ್ಟಿದ್ದು ಬೆಂಗಳೂರಿನ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ. ತೋಟಗಾರಿಕೆ ತಜ್ಞ ಡಾ. ಎಂ.ಎಚ್. ಮರಿಗೌಡರ ಪ್ರಯತ್ನ ಅದರ ಹಿಂದಿತ್ತು. ಕೊಯ್ದ ಮೇಲೆ ಬೇಗ ಕೆಡುವ ಹಣ್ಣಿಗೆ ಬೆಳೆಗಾರರೇ ಸೇರಿ ಮಾರಾಟ ಮತ್ತು ಸಂಸ್ಕರಣೆ ಎರಡನ್ನೂ ಸಂಘದ ಕೆಲಸ ಮಾಡಿಕೊಂಡರು. ನೀರಾ ದ್ರಾಕ್ಷಿಗಿಂತಲೂ ಬೇಗ ಕೆಡುತ್ತೆ.

ಸಹಕಾರ ಸಂಘವಾಗಿಯೂ ನೋಂದಾಯಿಸಬಹುದು, ರೈತ ಉತ್ಪಾದಕ ಕಂಪನಿಯಾಗಿಯೂ ಮಾಡಬಹುದು. ತೆಂಗು ಅಭಿವೃದ್ಧಿ ಮಂಡಳಿಯ ವ್ಯವಸ್ಥೆಯಲ್ಲಿ ಊರಿನ ಸಂಘ, ಅದರ ಮೇಲೆ ಒಕ್ಕೂಟ, ಅದರ ಮೇಲೆ ಕಂಪನಿ ಹೀಗೆ ಮೂರು ಹಂತ ಇದೆ. ಮರಕ್ಕೆ ಕತ್ತಿ ಹಾಕುವ ಮುಂಚೆ ಅಬಕಾರಿ ಮತ್ತು ತೋಟಗಾರಿಕೆ ಇಲಾಖೆಯಲ್ಲಿ ವಿಚಾರಿಸಿ ಅನುಮತಿ ಪಡೆಯೋದು ಕಡ್ಡಾಯ.

ತೋಟ ಉಳಿದರೆ ನೀರಾ

ರಸ ತೆಗೆದ ಹೊಂಬಾಳೆ ಕಾಯಿ ಬಿಡಲ್ಲ. ಹಾಗಾಗಿ ಎಲ್ಲ ಮರಕ್ಕೂ ಒಟ್ಟಿಗೆ ಕೈ ಹಾಕದೆ, ಸರದಿ ಮೇಲೆ ಕೆಲವು ಮರ ಮಾತ್ರ ಆರಿಸಿಕೊಳ್ಳಬೇಕು. ಸೊರಗಿದ ಮರ, ಕಾಂಡ ಸೋರುವ ಮರ ಮುಟ್ಟಬಾರದು. 2016-17ರ ಬರದಲ್ಲಿ ಮರಗಳೇ ಒಣಗಿ ನಿಂತಿದ್ದನ್ನು ಈ ತಾಲ್ಲೂಕು ನೋಡಿದೆ. ಮಟ್ಟೆಯನ್ನು ಸುಡುವ ಬದಲು ಬುಡಕ್ಕೆ ಹೂತರೆ ತೇವ ಉಳಿಯುತ್ತೆ. ರಸ ಕಾಯಿಸೋಕೆ ಒಣ ಗರಿ, ಚಿಪ್ಪು ಸಾಕು.

ಅಂಗಡಿಯವರಿಗೆ

ಬೇಲೂರು, ಹಳೇಬೀಡು ದೇವಾಲಯಗಳು 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿ ಸೇರಿವೆ. ಅಲ್ಲಿಗೆ ಬರುವ ಪ್ರವಾಸಿಗರಿಗೆ ತೆಂಗಿನ ಬೆಲ್ಲ, ಸಕ್ಕರೆ ಮಾರೋದು ಸುಲಭ, ಫ್ರಿಜ್ ಬೇಕಿಲ್ಲ. ನೀರಾ ಇಡೋದಾದರೆ ಕರೆಂಟ್ ಹೋದಾಗ ಏನು ಮಾಡೋದು ಅಂತ ಮೊದಲೇ ಯೋಚಿಸಿ. ಪೊಟ್ಟಣದ ಮೇಲೆ ಎಫ್‌ಎಸ್‌ಎಸ್‌ಎಐ ನಂಬರ್ ಇರಲೇಬೇಕು. ‘ಶುಗರ್ ಇರೋರಿಗೂ ಒಳ್ಳೇದು’ ಅಂತ ಹೇಳಿ ಮಾರಬೇಡಿ, ತೆಂಗಿನ ಸಕ್ಕರೆಯೂ ಸಕ್ಕರೆಯೇ.

ಸಂಘ ಸೇರುವವರು ಒಂದು ಮಾತು ನೆನಪಿಡಬೇಕು. ಒಬ್ಬ ಸದಸ್ಯ ಹುಳಿ ಬಂದ ರಸ ತಂದು ಸುರಿದರೆ ಇಡೀ ಟ್ಯಾಂಕ್ ಹಾಳು, ಆ ದಿನದ ದುಡ್ಡು ಎಲ್ಲರದ್ದೂ ಹೋಯ್ತು. ಡೇರಿಯಲ್ಲಿ ಹಾಲು ಪರೀಕ್ಷೆ ಮಾಡಿ ಹಾಕಿಸಿಕೊಳ್ಳುವ ಹಾಗೇ ಇಲ್ಲೂ ಪರೀಕ್ಷೆ ಮಾಡಬೇಕು, ಮುಖ ನೋಡಿ ಹಾಕಿಸಿಕೊಳ್ಳಬಾರದು.