ಸರ್ಕ್ಯೂಟ್ ಬ್ರೇಕರ್ ಭದ್ರಪಡಿಸುವ ನಿಯಮ, ಅಮೆರಿಕ

ಪ್ಯಾನೆಲ್‌ಬೋರ್ಡಿನ ಬಸ್‌ಬಾರ್‌ಗೆ (ವಿದ್ಯುತ್ ಹಂಚುವ ಲೋಹದ ಪಟ್ಟಿಗೆ) ಹಿಮ್ಮುಖವಾಗಿ ವಿದ್ಯುತ್ ಪೂರೈಸುವ ಪ್ಲಗ್-ಇನ್ ಸರ್ಕ್ಯೂಟ್ ಬ್ರೇಕರ್, ಬರೀ ಎಳೆದರೆ ಕಳಚಿ ಬರದಂತೆ ಹೆಚ್ಚುವರಿ ಬಂಧಕದಿಂದ ಬಿಗಿಯಾಗಿರಬೇಕೆಂಬ ನಿಯಮ. ಇದು ಅಮೆರಿಕದ ರಾಷ್ಟ್ರೀಯ ವಿದ್ಯುತ್ ಸಂಹಿತೆಯ 408.36(ಡಿ) ವಿಧಿಯಲ್ಲಿದೆ. 1897ರಲ್ಲಿ ಮೊದಲು ಹೊರಬಂದ ಈ ಸಂಹಿತೆಯನ್ನು ಅಲ್ಲಿನ ರಾಷ್ಟ್ರೀಯ ಅಗ್ನಿ ಸುರಕ್ಷಾ ಸಂಘವು ಮೂರು ವರ್ಷಕ್ಕೊಮ್ಮೆ ಪರಿಷ್ಕರಿಸುತ್ತದೆ. ರಾಜ್ಯಗಳು ಅಥವಾ ಸ್ಥಳೀಯ ಆಡಳಿತಗಳು ಅಂಗೀಕರಿಸಿದಾಗ ಇದಕ್ಕೆ ಕಾನೂನಿನ ಬಲ ಬರುತ್ತದೆ.

ಕಾರಣ: ಅಮೆರಿಕದ ಮನೆಗಳಲ್ಲಿ ಬಳಸುವ ಪ್ಲಗ್-ಇನ್ ಬ್ರೇಕರಿನ ಒಂದು ತುದಿ ಪ್ಯಾನೆಲ್ಲಿನ ಕೊಕ್ಕೆಗೆ ಸಿಕ್ಕಿಕೊಂಡಿರುತ್ತದೆ, ಇನ್ನೊಂದು ತುದಿಯ ಲೋಹದ ಹಿಡಿಕೆಗಳು ಬಸ್‌ಬಾರನ್ನು ಕಚ್ಚಿ ಹಿಡಿಯುತ್ತವೆ. ಸಾಮಾನ್ಯ ಬ್ರೇಕರಿಗೆ ವಿದ್ಯುತ್ ಬಸ್‌ಬಾರಿನಿಂದ ಬರುವುದರಿಂದ ಅದನ್ನು ಕಿತ್ತರೆ ಹಿಡಿಕೆಗಳಲ್ಲಿ ವಿದ್ಯುತ್ ಉಳಿಯುವುದಿಲ್ಲ. ಜನರೇಟರಿನ ತಂತಿಯನ್ನು ಬ್ರೇಕರಿಗೇ ಜೋಡಿಸಿದ್ದರೆ ಸ್ಥಿತಿ ತಿರುವುಮುರುವು. ಬ್ರೇಕರ್ ಆನ್ ಇದ್ದು ಕಳಚಿಕೊಂಡರೆ ತೆರೆದ ಹಿಡಿಕೆಗಳಲ್ಲಿ ವಿದ್ಯುತ್ ಉಳಿದೇ ಇರುತ್ತದೆ. ಅವು ಕೈಗೆ ತಗುಲಿದರೆ ಶಾಕ್, ಪೆಟ್ಟಿಗೆಯ ಲೋಹಕ್ಕೆ ತಗುಲಿದರೆ ಕಿಡಿ.

ವಿಧಾನ: ತಯಾರಕರು ಆಯಾ ಪ್ಯಾನೆಲ್ಲಿಗೆ ನಿಗದಿಪಡಿಸಿದ ಕ್ಲಿಪ್ ಅಥವಾ ಸ್ಕ್ರೂ ಪಟ್ಟಿಯನ್ನೇ ಬಳಸಬೇಕು, ಉಪಕರಣಗಳನ್ನು ಅವುಗಳ ಸೂಚನೆಯಂತೆಯೇ ಅಳವಡಿಸಬೇಕೆಂದು 110.3(ಬಿ) ವಿಧಿ ಹೇಳುತ್ತದೆ. ಪ್ಯಾನೆಲ್ಲಿನ ಮುಚ್ಚಳವನ್ನು ನೆಚ್ಚಿಕೊಂಡರೆ ಸಾಲದು, ದುರಸ್ತಿಗೆ ಮೊದಲು ತೆಗೆಯುವುದು ಅದನ್ನೇ. ಬಸ್‌ಬಾರ್‌ಗೆ ಬೋಲ್ಟ್ ಹಾಕಿ ಕೂರಿಸುವ ಬ್ರೇಕರುಗಳಿಗೆ ಈ ತೊಂದರೆಯಿಲ್ಲ. 'ಲೈನ್', 'ಲೋಡ್' ಎಂದು ಗುರುತಿರುವ ಬ್ರೇಕರುಗಳನ್ನು ಹಿಮ್ಮುಖವಾಗಿ ಬಳಸುವಂತಿಲ್ಲ.

ವಿನಾಯಿತಿ: ಗ್ರಿಡ್‌ಗೆ ಜೋಡಿಸಿದ ಪ್ರಮಾಣಿತ ಸೌರ ಇನ್ವರ್ಟರ್, ಗ್ರಿಡ್ ಸಂಪರ್ಕ ತಪ್ಪಿದೊಡನೆ ಪೂರೈಕೆ ನಿಲ್ಲಿಸುತ್ತದೆ. ಆದ್ದರಿಂದ ಅದರ ಬ್ರೇಕರಿಗೆ ಹೆಚ್ಚುವರಿ ಬಂಧಕವನ್ನು ಬಿಡಲು ಸಂಹಿತೆಯ 705ನೇ ಪರಿಚ್ಛೇದ ಅವಕಾಶ ಕೊಟ್ಟಿದೆ. ಗ್ರಿಡ್ ಇಲ್ಲದೆಯೂ ನಡೆಯುವ ಇನ್ವರ್ಟರುಗಳಿಗೆ ಈ ವಿನಾಯಿತಿ ಇಲ್ಲ.

ಭಾರತದಲ್ಲಿ: ಕರ್ನಾಟಕವೂ ಸೇರಿದಂತೆ ಇಲ್ಲಿನ ಮನೆಗಳ ಎಂಸಿಬಿಗಳು (ಚಿಕ್ಕ ಸರ್ಕ್ಯೂಟ್ ಬ್ರೇಕರುಗಳು) 35 ಮಿ.ಮೀ. ಡಿನ್ ರೈಲು ಎಂಬ ಲೋಹದ ಪಟ್ಟಿಯ ಮೇಲೆ ಕೂರುತ್ತವೆ. ಬಸ್‌ಬಾರ್ ಮತ್ತು ತಂತಿಗಳನ್ನು ಸ್ಕ್ರೂನಿಂದ ಬಿಗಿಯುವುದರಿಂದ ಎಳೆದೊಡನೆ ಕಳಚುವ ಅಪಾಯ ಕಡಿಮೆ.

ಬಂಧಕವು ಬ್ರೇಕರನ್ನು ಜಾಗದಲ್ಲಿ ಹಿಡಿದಿಡುತ್ತದೆ, ಅಷ್ಟೆ. ಜನರೇಟರಿನ ವಿದ್ಯುತ್ ಬೀದಿಯ ಲೈನಿಗೆ ಹರಿದು ಲೈನ್‌ಮನ್‌ಗಳ ಜೀವಕ್ಕೆ ಎರವಾಗದಿರಲು ಚೇಂಜ್‌ಓವರ್ ಸ್ವಿಚ್ ಅಥವಾ ಇಂಟರ್‌ಲಾಕ್ ಬೇರೆಯಾಗಿ ಇರಲೇಬೇಕು.