ಇಂಗ್ಲೆಂಡಿನ ಮಹಾನೀಲ ಚಿಟ್ಟೆಯ ಅಳಿವು

ಇಂಗ್ಲೆಂಡಿನ ‘ಲಾರ್ಜ್ ಬ್ಲೂ’ ಚಿಟ್ಟೆಯು ನೀಲವರ್ಣದ್ದು. ಮುಂದಿನ ರೆಕ್ಕೆಗಳಲ್ಲಿ ಕರಿಯ ಬೊಟ್ಟುಗಳಿರುವುವು. ಥೈಮ್ ಎಂಬ ಕಾಡುಗಿಡದ ಮೊಗ್ಗುಗಳಲ್ಲಿ ಮೊಟ್ಟೆಯಿಡುವುದು. ಹುಳುವು ಕೆಲವು ವಾರ ಹೂವನ್ನು ತಿಂದು ನೆಲಕ್ಕೆ ಬೀಳಲು, ಇರುವೆಗಳು ತಮ್ಮ ಮರಿಯೆಂದು ಭ್ರಮಿಸಿ ಗೂಡಿಗೊಯ್ಯುವುವು. ಪರಭೃತವೆಂದರೆ ಸಲ್ಲುವುದು, ಆದರೆ ಕೋಗಿಲೆಯ ಮರಿ ಕಾಗೆಯ ಮರಿಯನ್ನು ತಿನ್ನದು, ಇದು ಸಾಕಿದವರ ಮರಿಗಳನ್ನೇ ಸುಮಾರು ಹತ್ತು ತಿಂಗಳು ತಿನ್ನುವುದು.

ಇದರ ಕ್ಷಯಕ್ಕೆ ಸಂಗ್ರಾಹಕರೇ ಕಾರಣರೆಂದು ಬಗೆದು ಬೇಲಿ ಹಾಕಿದರು; ದನಗಳೂ ಹೊರಗುಳಿದುವು. 1950ರ ದಶಕದಲ್ಲಿ ರೋಗದಿಂದ ಮೊಲಗಳು ಸಾಯಲು, ಹುಲ್ಲು ಬೆಳೆದು ನೆಲ ತಂಪಾಯಿತು. ಬೆಚ್ಚನೆಯ ನೆಲದ ‘ಮಿರ್ಮಿಕಾ ಸಬುಲೆಟಿ’ ಎಂಬ ಒಂದೇ ಜಾತಿಯ ಇರುವೆಯನ್ನು ಚಿಟ್ಟೆಯ ಬಾಳು ನೆಮ್ಮಿದೆಯೆಂದು ಜೆರೆಮಿ ಥಾಮಸ್ ಅರಿಯುವಷ್ಟರಲ್ಲಿ ಕಾಲ ಮೀರಿತ್ತು. 1979ರಲ್ಲಿ ಅದು ಆ ನಾಡಿನಲ್ಲಿ ನಿರ್ವಂಶವಾಯಿತು. ಈಗ ಅಲ್ಲಿ ಹಾರುವುದು 1980ರ ದಶಕದಲ್ಲಿ ಸ್ವೀಡನ್ನಿನಿಂದ ತಂದ ಸಂತತಿ. ಅದಕ್ಕೆಂದೇ ದನಗಳನ್ನು ಮತ್ತೆ ಮೇಯಬಿಟ್ಟರು.