ನಿಲುಗಡಿಯಾರವೂ ಅದರ ಪೆಟ್ಟಿಗೆಯೂ

ಗೋಡೆಗೆ ಬೆನ್ನು ಕೊಟ್ಟು, ಆಳಿಗಿಂತ ಎತ್ತರವಾಗಿ ನಿಂತಿರುವ ಹಳೆಯ ಗಡಿಯಾರವನ್ನು ನಮ್ಮ ಶ್ರೋತೃಗಳಲ್ಲಿ ಅನೇಕರು ಒಂದಲ್ಲ ಒಂದು ದೊಡ್ಡ ಮನೆಯಲ್ಲಿಯೋ ಪ್ರದರ್ಶನಶಾಲೆಯಲ್ಲಿಯೋ ನೋಡಿರಬಹುದು. ಮೇಲೆ ಹಿತ್ತಾಳೆಯ ಮುಖ, ನಡುವೆ ಉದ್ದನೆಯ ಕಿರುಬಾಗಿಲು, ಕೆಳಗೆ ಅಗಲವಾದ ಪೀಠ. ಬಾಗಿಲನ್ನು ತೆರೆದರೆ ಒಳಗೆ ಮೆಲ್ಲನೆ ತೂಗಾಡುವ ಲೋಲಕ, ಅದರ ಮುಂದೆ ಇಳಿಬಿದ್ದಿರುವ ಎರಡು ಭಾರವಾದ ಗುಂಡುಗಳು. ಇಂಗ್ಲಿಷರು ಇದಕ್ಕೆ ಉದ್ದಪೆಟ್ಟಿಗೆಯ ಗಡಿಯಾರವೆಂದು ಹೆಸರಿಟ್ಟರು. ತಾತನ ಗಡಿಯಾರವೆಂಬ ಮುದ್ದಿನ ಹೆಸರು ಬಂದುದು ಬಹಳ ಈಚೆಗೆ. 1876ರಲ್ಲಿ ಅಮೆರಿಕದ ಹೆನ್ರಿ ಕ್ಲೇ ವರ್ಕ್ ಎಂಬಾತನು ರಚಿಸಿದ ಹಾಡೊಂದು ಜನರ ಬಾಯಲ್ಲಿ ನೆಲೆಸಿದ ಮೇಲೆ ಆ ಹೆಸರು ರೂಢಿಗೆ ಬಂದಿತು. ನಾವು ಇದನ್ನು ನಿಲುಗಡಿಯಾರವೆಂದು ಕರೆಯೋಣ.

ಇಂತಹ ಗಡಿಯಾರದ ಮುಖವನ್ನು ನೋಡಿದರೆ ಸಾಮಾನ್ಯವಾಗಿ ಅಲ್ಲೊಂದು ಹೆಸರೂ ಒಂದು ಊರೂ ಕೊರೆದಿರುತ್ತವೆ. ಅದು ಗಡಿಯಾರ ಮಾಡಿದವನ ಹೆಸರು. ಆದರೆ ಆ ಮುಖವನ್ನು ಹೊತ್ತು ನಿಂತಿರುವ ಮರದ ಪೆಟ್ಟಿಗೆಯನ್ನು ಮಾಡಿದ ಬಡಗಿ ಯಾರು? ಅವನ ಹೆಸರು ಬಹುಮಟ್ಟಿಗೆ ಎಲ್ಲಿಯೂ ಇರುವುದಿಲ್ಲ. ಒಂದೇ ವಸ್ತುವಿನಲ್ಲಿ ಇಬ್ಬರ ಕೈಗೆಲಸವಿದ್ದೂ ಒಬ್ಬನ ಹೆಸರು ಉಳಿದು ಇನ್ನೊಬ್ಬನದು ಅಳಿದುದೇಕೆ, ಅದರಿಂದ ನಮಗೆ ಆದ ನಷ್ಟವೇನು ಎಂಬುದನ್ನು ಇಲ್ಲಿ ಸ್ವಲ್ಪ ವಿಚಾರಮಾಡೋಣ.

ಲೋಲಕದಿಂದ ಕಾಲವನ್ನು ಅಳೆಯಬಹುದೆಂಬ ಯೋಚನೆ ಇಟಲಿಯ ಗೆಲಿಲಿಯೋವಿನ ಮುಪ್ಪಿನ ಕಾಲದಲ್ಲಿಯೇ ಹುಟ್ಟಿತು. ಆದರೆ ಅದನ್ನು ಪೂರ್ತಿಯಾಗಿ ನಡೆಯುವ ಗಡಿಯಾರವನ್ನಾಗಿ ಮಾಡುವ ಭಾಗ್ಯ ಅವನಿಗೆ ದೊರೆಯಲಿಲ್ಲ. 1656ರ ಕೊನೆಯಲ್ಲಿ ಹಾಲೆಂಡಿನ ವಿದ್ವಾಂಸನಾದ ಕ್ರಿಶ್ಚಿಯನ್ ಹೈಗೆನ್ಸನು ಆ ಕಾರ್ಯವನ್ನು ಸಾಧಿಸಿದನು. ಮರುವರ್ಷ ಹೇಗ್ ನಗರದ ಸಾಲೊಮನ್ ಕಾಸ್ಟರನೆಂಬ ಕುಶಲಿಗೆ ಇಂತಹ ಗಡಿಯಾರಗಳನ್ನು ಮಾಡುವ ಹಕ್ಕು ದೊರೆಯಿತು. ಲಂಡನ್ನಿನ ಫ್ರೊಮಂಟೀಲ್ ಮನೆತನದ ತರುಣನೊಬ್ಬನು ಕಾಸ್ಟರನ ಬಳಿ ಹೋಗಿ ಕೆಲಸ ಮಾಡಿ ಬಂದನು. 1658ರಲ್ಲಿಯೇ ಆ ಮನೆತನದವರು ಹೊಸ ಗಡಿಯಾರಗಳ ವಿಷಯವಾಗಿ ಲಂಡನ್ನಿನ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟರು. ಎರಡು ವರ್ಷಗಳೊಳಗಾಗಿ ವಿದ್ಯೆಯು ಸಮುದ್ರವನ್ನು ದಾಟಿತು.

ಮೊದಲಿನ ಲೋಲಕಗಳು ಗಿಡ್ಡವಾಗಿದ್ದವು. ಅವು ಬಹಳ ಅಗಲವಾಗಿ ಅತ್ತಿತ್ತ ಬೀಸುತ್ತಿದ್ದವು. ಸುಮಾರು 1670ರಲ್ಲಿ ಹಡಗಿನ ಲಂಗರಿನ ಆಕಾರದ ಹೊಸ ತಡೆಯೊಂದು ಬಳಕೆಗೆ ಬಂದಿತು. ಹಲ್ಲುಚಕ್ರವು ಒಂದೊಂದೇ ಹಲ್ಲಿನಂತೆ ಮುಂದೆ ಸರಿಯಲು ಈ ಲಂಗರು ಎಡೆಕೊಡುತ್ತದೆ. ಅದರಿಂದ ಲೋಲಕವು ಕೆಲವೇ ಅಂಶಗಳಷ್ಟು ತೂಗಿದರೆ ಸಾಕಾಯಿತು. ತೂಗಾಟ ಕಿರಿದಾದುದರಿಂದ ಲೋಲಕವನ್ನು ಉದ್ದಮಾಡುವುದಕ್ಕೂ ಸಾಧ್ಯವಾಯಿತು. ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯಾಗಿ ಒಂದು ಸೆಕೆಂಡಿನಲ್ಲಿ ಹೋಗುವ ಲೋಲಕದ ಉದ್ದ ಸುಮಾರು 39 ಅಂಗುಲ. ಈ ಮೂವತ್ತೊಂಬತ್ತು ಅಂಗುಲವನ್ನು ಗೆದ್ದವರು ಕಾಲವನ್ನೇ ಗೆದ್ದಂತಾಯಿತು. ಹಿಂದೆ ದಿನಕ್ಕೆ ಕಾಲುಗಂಟೆಯಷ್ಟು ತಪ್ಪುತ್ತಿದ್ದ ಯಂತ್ರಗಳ ಸ್ಥಾನದಲ್ಲಿ ದಿನಕ್ಕೆ ಕೆಲವೇ ಸೆಕೆಂಡುಗಳ ವ್ಯತ್ಯಾಸ ತೋರುವ ಯಂತ್ರಗಳು ಬಂದವು. ಗಂಟೆಯ ಮುಳ್ಳೊಂದೇ ಇದ್ದ ಮುಖದ ಮೇಲೆ ನಿಮಿಷದ ಮುಳ್ಳು ಸಾಮಾನ್ಯವಾದುದೂ ಲೋಲಕವು ಬಂದ ಮೇಲೆಯೇ.

ಇಲ್ಲಿಯೇ ಬಡಗಿಯ ಪ್ರವೇಶ. ಗುಂಡುಗಳು ಇಳಿಯುವುದಕ್ಕೆ ಎತ್ತರ ಬೇಕು, ಲೋಲಕವು ತೂಗುವುದಕ್ಕೆ ಅಗಲ ಬೇಕು, ಎರಡಕ್ಕೂ ಧೂಳಿನಿಂದಲೂ ಮಕ್ಕಳ ಕೈಯಿಂದಲೂ ರಕ್ಷಣೆ ಬೇಕು. ಆದುದರಿಂದ ಪೆಟ್ಟಿಗೆಯ ಆಕಾರವನ್ನು ಯಾರೂ ಅಂದಕ್ಕೋಸ್ಕರ ಕಲ್ಪಿಸಿದ್ದಲ್ಲ. ಯಂತ್ರದ ಅಗತ್ಯವೇ ಅದನ್ನು ರೂಪಿಸಿತು. ಯಂತ್ರವು ಅಳತೆಯನ್ನು ಹೇಳಿತು, ಬಡಗಿಯು ಆ ಅಳತೆಗೆ ಅಂದವನ್ನು ಕೊಟ್ಟನು. ಪೀಠ, ನಡು, ತಲೆ ಎಂಬ ಮೂರು ಭಾಗಗಳಲ್ಲಿ ಅವನು ಅದನ್ನು ಒಂದು ಕಂಬದಂತೆ ನಿಲ್ಲಿಸಿದನು.

ಪೆಟ್ಟಿಗೆಯು ಬರಿಯ ಹೊದಿಕೆಯಲ್ಲವೆಂಬುದಕ್ಕೆ ಒಂದು ನಿದರ್ಶನವನ್ನು ಹೇಳಬಹುದು. ಎಂಟು ದಿನಕ್ಕೊಮ್ಮೆ ಕೀಲಿ ಕೊಡುವ ನಿಲುಗಡಿಯಾರದ ಒಂದೊಂದು ಗುಂಡೂ ಸುಮಾರು 12 ಪೌಂಡು ತೂಗುತ್ತದೆ. ವಾರದ ಮಧ್ಯದಲ್ಲಿ ಈ ಗುಂಡುಗಳು ಇಳಿದಿಳಿದು ಲೋಲಕದ ಬಿಲ್ಲೆಯ ಮಟ್ಟಕ್ಕೆ ಬರುತ್ತವೆ. ಆಗ ಗುಂಡನ್ನು ಹಿಡಿದಿರುವ ಹುರಿಯ ಉದ್ದವೂ ಲೋಲಕದ ಉದ್ದವೂ ಹೆಚ್ಚುಕಡಮೆ ಒಂದೇ ಆಗುತ್ತವೆ. ಪೆಟ್ಟಿಗೆಯು ಭದ್ರವಾಗಿ ನಿಲ್ಲದೆ ಕೂದಲೆಳೆಯಷ್ಟು ಅಲುಗಿದರೂ ಸಾಕು, ಲೋಲಕದ ಚಲನೆ ಗುಂಡುಗಳಿಗೆ ಹತ್ತಿ ಅವೂ ತೂಗತೊಡಗುತ್ತವೆ. ಲೋಲಕದ ಶಕ್ತಿಯು ಸೋರಿಹೋಗಿ ಗಡಿಯಾರ ನಿಂತುಬಿಡುತ್ತದೆ. ಪ್ರತಿ ವಾರವೂ ಅದೇ ದಿನ ನಿಲ್ಲುವ ಗಡಿಯಾರವನ್ನು ಕಂಡು ಮನೆಯವರು ಚಕ್ರಗಳನ್ನು ಬಿಚ್ಚಿಸುತ್ತಾರೆ. ದೋಷವಿರುವುದು ಚಕ್ರದಲ್ಲಲ್ಲ, ಪೆಟ್ಟಿಗೆಯ ಕಾಲಿನಲ್ಲಿ.

ಇನ್ನು ಮರದ ವಿಷಯ. ಮೊದಲಿನ ಪೆಟ್ಟಿಗೆಗಳು ಕಪ್ಪು ಬಣ್ಣದವು, ಗ್ರೀಕರ ದೇವಾಲಯದ ಮುಂಭಾಗದಂತೆ ಗಂಭೀರವಾದವು. ಅನಂತರ ಅಕ್ರೋಡಿನ ಮರದ ಕಾಲ ಬಂದಿತು. ಓಕ್ ಮರದಿಂದ ಒಡಲನ್ನು ಕಟ್ಟಿ, ಅದರ ಮೇಲೆ ತೆಳ್ಳಗೆ ಕೊಯ್ದ ಅಕ್ರೋಡಿನ ಹಲಗೆಯನ್ನು ಅಂಟಿಸುತ್ತಿದ್ದರು. ಬಗೆಬಗೆಯ ಬಣ್ಣದ ಮರದ ಚೂರುಗಳಿಂದ ಹೂವು ಹಕ್ಕಿಗಳ ಚಿತ್ರವನ್ನು ಕೂರಿಸುವುದೂ ಉಂಟಾಗಿತ್ತು. 1709ರ ಭಯಂಕರವಾದ ಚಳಿಗೆ ಯೂರೋಪಿನ ಅಕ್ರೋಡಿನ ಮರಗಳು ಬಹಳವಾಗಿ ಸತ್ತವು. 1720ರಲ್ಲಿ ಫ್ರಾನ್ಸು ಅದರ ರಫ್ತನ್ನು ತಡೆಯಿತು. 1721ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ತನ್ನ ಅಮೆರಿಕದ ವಸಾಹತುಗಳಿಂದ ಬರುವ ಮರಕ್ಕೆ ಸುಂಕವನ್ನು ತೆಗೆದುಹಾಕಲು, ಜಮೈಕದ ಮಹಾಗನಿ ಲಂಡನ್ನಿನ ಕಾರ್ಖಾನೆಗಳಿಗೆ ಹರಿದುಬಂದಿತು. ಅಗಲವಾದ ಹಲಗೆ, ಸುಲಭವಾಗಿ ಸೊಟ್ಟಗಾಗದ ಗುಣ, ಕೆತ್ತನೆಗೆ ಒಗ್ಗುವ ನೂಲು, ಕೆಂಪು ಹೊಳಪು, ಇವೆಲ್ಲವೂ ಅದಕ್ಕೆ ಇದ್ದವು. ಆದರೆ ಆ ಮರಗಳನ್ನು ಕಾಡಿನಲ್ಲಿ ಕಡಿದು ಉರುಳಿಸಿದವರು ಆಫ್ರಿಕದಿಂದ ಗುಲಾಮರಾಗಿ ಸಾಗಿಸಲ್ಪಟ್ಟ ಜನರು ಮತ್ತು ಅವರ ಸಂತತಿಯವರು ಎಂಬುದನ್ನು ಮರೆಯತಕ್ಕದ್ದಲ್ಲ. ಹೆಸರಿಲ್ಲದ ಬಡಗಿಯ ಹಿಂದೆ ಅವನಿಗಿಂತಲೂ ಹೆಸರಿಲ್ಲದ ಕೈಗಳು ಇದ್ದವು.

ಹೆಸರಿನ ಪ್ರಶ್ನೆಗೆ ಬರೋಣ. ಲಂಡನ್ನಿನ ಗಡಿಯಾರ ಕುಶಲಿಗಳಿಗೆ 1631ರಲ್ಲಿಯೇ ರಾಜನ ಸನ್ನದು ದೊರೆತು ಅವರದೇ ಆದ ಸಂಘವಾಯಿತು. 1698ರ ಒಂದು ಕಾಯಿದೆಯು, ಚಿನ್ನ ಬೆಳ್ಳಿ ಹಿತ್ತಾಳೆ ಮುಂತಾದ ಲೋಹದ ಗೂಡನ್ನಾಗಲಿ ಮುಖಫಲಕವನ್ನಾಗಲಿ ಒಳಗಿನ ಯಂತ್ರವಿಲ್ಲದೆ, ಮಾಡಿದವನ ಹೆಸರನ್ನು ಕೊರೆಯದೆ ಹೊರದೇಶಗಳಿಗೆ ಕಳುಹಿಸಕೂಡದೆಂದು ವಿಧಿಸಿತು. ಕಳಪೆ ಯಂತ್ರಗಳಿಗೆ ಲಂಡನ್ನಿನ ಹೆಸರು ಹಚ್ಚಿ ಮಾರುವ ಮೋಸವನ್ನು ತಡೆಯುವುದು ಅದರ ಉದ್ದೇಶ. ಕಾಯಿದೆಯ ಮಾತು ಲೋಹಕ್ಕೆ ಸಂಬಂಧಿಸಿದುದು. ಮರದ ಮಾತು ಅದರಲ್ಲಿಲ್ಲ. ಪೆಟ್ಟಿಗೆಯನ್ನು ಗಡಿಯಾರದವನು ಬಡಗಿಯಿಂದ ಕೊಂಡು, ಯಂತ್ರವನ್ನು ಕೂರಿಸಿ, ತನ್ನ ಹೆಸರಿನಲ್ಲಿ ಮಾರುತ್ತಿದ್ದನು. ಆ ಕಾಲದ ಅಗ್ರಗಣ್ಯನಾದ ತಾಮಸ್ ಟಾಂಪಿಯನ್ನನು 1713ರಲ್ಲಿ ತೀರಿಕೊಂಡಾಗ ಅವನನ್ನು ವೆಸ್ಟ್‌ಮಿನ್‌ಸ್ಟರ್ ಮಹಾದೇವಾಲಯದಲ್ಲಿ ಸಮಾಧಿಮಾಡಿದರು. 1751ರಲ್ಲಿ ಅವನ ಉತ್ತರಾಧಿಕಾರಿಯಾದ ಜಾರ್ಜ್ ಗ್ರಹಾಮನನ್ನೂ ಅದೇ ಸಮಾಧಿಯಲ್ಲಿ ಇಟ್ಟರು. ಇದು ಯೋಗ್ಯವಾದ ಗೌರವವೇ ಸರಿ. ಆದರೆ ಅವರ ಯಂತ್ರಗಳಿಗೆ ಮನೆ ಕಟ್ಟಿದವರಲ್ಲಿ ಬಹುಮಂದಿ ಎಲ್ಲಿ ಮಲಗಿದ್ದಾರೆಂಬುದು ಯಾರಿಗೂ ತಿಳಿಯದು.

ಕುರ್ಚಿ ಮೇಜುಗಳ ಕಥೆಯೂ ಹೀಗೆಯೇ. ಪ್ಯಾರಿಸ್ಸಿನಲ್ಲಿ ಹದಿನೆಂಟನೆಯ ಶತಮಾನದ ಮಧ್ಯಭಾಗದಿಂದ ಮರಗೆಲಸದ ಕುಶಲಿಗಳು ತಾವು ಮಾಡಿದ ಸಾಮಾನಿನ ಮೇಲೆ ತಮ್ಮ ಮುದ್ರೆಯನ್ನು ಒತ್ತಬೇಕೆಂಬ ಸಂಘದ ನಿಯಮವಿದ್ದಿತು. ಇಂಗ್ಲೆಂಡಿನಲ್ಲಿ ಅಂತಹ ಕಟ್ಟು ಇರಲಿಲ್ಲ. ಅಲ್ಲಿ ಎಲ್ಲರಿಗಿಂತ ಪ್ರಸಿದ್ಧನಾದ ತಾಮಸ್ ಚಿಪೆಂಡೇಲನು ಯಾರ್ಕ್‌ಷೈರಿನ ಆಟ್ಲಿ ಎಂಬ ಊರಿನಲ್ಲಿ ಹುಟ್ಟಿದವನು. ಅವನ ಹೆಸರು ಉಳಿದುದು ಮರದ ಮೇಲಿನ ಗುರುತಿನಿಂದಲ್ಲ. 1754ರಲ್ಲಿ ಅವನು ಅಚ್ಚುಹಾಕಿಸಿದ ಮಾದರಿಗಳ ಪುಸ್ತಕದಿಂದ, ಶ್ರೀಮಂತರ ಮನೆಗಳಲ್ಲಿ ಉಳಿದ ಲೆಕ್ಕಪತ್ರಗಳಿಂದ. ಆ ಪುಸ್ತಕದಲ್ಲಿ ಗಡಿಯಾರದ ಪೆಟ್ಟಿಗೆಗಳ ಮಾದರಿಗಳೂ ಉಂಟು. ಪುಸ್ತಕವನ್ನು ಅಚ್ಚುಹಾಕಿಸಲಾರದ ಬಡಗಿಯ ಹೆಸರು ಅವನೊಡನೆಯೇ ಮುಗಿಯಿತು.

ಈ ನಿಯಮಕ್ಕೆ ಒಬ್ಬ ಮಹನೀಯನು ಮಾತ್ರ ಹೊರತಾಗಿದ್ದಾನೆ. ಅದೇ ಯಾರ್ಕ್‌ಷೈರಿನಲ್ಲಿ ನಾಸ್ಟೆಲ್ ಎಂಬ ದೊಡ್ಡ ಜಮೀನ್ದಾರಿಯ ಬಳಿಯ ಫೌಲ್ಬಿ ಎಂಬ ಹಳ್ಳಿಯಲ್ಲಿ 1693ರಲ್ಲಿ ಬಡಗಿಯೊಬ್ಬನ ಮಗನಾಗಿ ಜಾನ್ ಹ್ಯಾರಿಸನ್ನನು ಹುಟ್ಟಿದನು. ತಂದೆಯ ಕಸುಬನ್ನೇ ಕಲಿತ ಈತನು ಪೆಟ್ಟಿಗೆಯನ್ನು ಮಾತ್ರವಲ್ಲ, ಯಂತ್ರವನ್ನೂ ಮರದಿಂದಲೇ ಮಾಡಿದನು. 1713, 1715, 1717ನೆಯ ವರ್ಷಗಳ ಅವನ ಮೂರು ನಿಲುಗಡಿಯಾರಗಳ ಯಂತ್ರಗಳು ಉಳಿದುಬಂದಿವೆ. ಚಕ್ರಗಳು ಓಕ್ ಮರದವು. ಇಡೀ ಹಲಗೆಯಲ್ಲಿ ಹಲ್ಲುಗಳನ್ನು ಕೊರೆದರೆ ಎಳೆಗೆ ಅಡ್ಡವಾದ ಹಲ್ಲುಗಳು ಮುರಿಯುವುವೆಂದು ತಿಳಿದು, ಎಳೆಯು ಹಲ್ಲಿನ ಉದ್ದಕ್ಕೇ ಬರುವಂತೆ ತುಂಡುತುಂಡಾಗಿ ಹಲ್ಲುಗಳನ್ನು ಮಾಡಿ ಚಕ್ರದ ಅಂಚಿನಲ್ಲಿ ಕೂರಿಸಿದನು. ಮರವನ್ನು ಬಲ್ಲವನಿಗಲ್ಲದೆ ಇದು ಹೊಳೆಯತಕ್ಕದ್ದಲ್ಲ. ಬ್ರಾಕಲ್ಸ್‌ಬಿ ಎಂಬಲ್ಲಿ ಸುಮಾರು 1722ರಲ್ಲಿ ಅವನು ಕಟ್ಟಿದ ಗೋಪುರದ ಗಡಿಯಾರದಲ್ಲಿ, ಉಜ್ಜುವ ಎಡೆಗಳಿಗೆ ಲಿಗ್ನಮ್ ವಿಟೆ ಎಂಬ, ಸಹಜವಾಗಿಯೇ ಜಿಡ್ಡಿನ ಅಂಶವುಳ್ಳ, ನೀರಿನಲ್ಲಿ ಮುಳುಗುವಷ್ಟು ಭಾರವಾದ ಮರವನ್ನು ಬಳಸಿದನು. ಆದುದರಿಂದ ಅದಕ್ಕೆ ಎಣ್ಣೆ ಹಾಕಬೇಕಾದುದೇ ಇಲ್ಲ. ಮುಂದೆ ಇದೇ ಬಡಗಿಯು ಸಮುದ್ರದ ಮೇಲೆ ರೇಖಾಂಶವನ್ನು ತಿಳಿಯುವ ಗಡಿಯಾರವನ್ನು ಸಿದ್ಧಪಡಿಸಿದನು. ಅದು 1761ರಲ್ಲಿ ಜಮೈಕಕ್ಕೆ ಪರೀಕ್ಷೆಗಾಗಿ ಹೋಯಿತು. 1773ರಲ್ಲಿ, ತನ್ನ ಎಂಬತ್ತನೆಯ ವಯಸ್ಸಿನಲ್ಲಿ, ಪಾರ್ಲಿಮೆಂಟಿನಿಂದ ಅವನಿಗೆ ಹಣ ದೊರೆಯಿತು.

ನಾಸ್ಟೆಲ್ಲಿನ ಮನೆಯಲ್ಲಿ ಹ್ಯಾರಿಸನ್ನನ 1717ರ ಗಡಿಯಾರವಿದೆ. 1766ರಿಂದ ಚಿಪೆಂಡೇಲನು ಒದಗಿಸಿದ ಮರದ ಸಾಮಾನುಗಳೂ ಅಲ್ಲಿಯೇ ಇವೆ. ಇಬ್ಬರ ಕೈಗೆಲಸವನ್ನೂ ಒಂದೇ ಸೂರಿನಡಿಯಲ್ಲಿ ನೋಡುವವರಿಗೆ ಬಡಗಿಯೂ ಯಂತ್ರಕುಶಲಿಯೂ ಬೇರೆಬೇರೆ ಜಾತಿಯವರಲ್ಲವೆಂಬುದು ತಾನಾಗಿಯೇ ಮನದಟ್ಟಾಗುತ್ತದೆ.

ಕನ್ನಡನಾಡಿನವರಾದ ನಮಗೆ ಈ ಮಾತು ಪರಕೀಯವಲ್ಲ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ದೇವಾಲಯದಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಾವು ಕಡೆದ ವಿಗ್ರಹಗಳಲ್ಲಿ ತಮ್ಮ ಹೆಸರನ್ನು ಕೊರೆದರು. ಸೋಮನಾಥಪುರದಲ್ಲಿ ಮಲ್ಲಿತಮ್ಮನೂ ಹಾಗೆಯೇ ಮಾಡಿದನು. ಕಲ್ಲಿನವರಿಗೆ ಇದ್ದ ಈ ಧೈರ್ಯ ಮರದವರಿಗೆ ಬರಲಿಲ್ಲವೋ, ಬಂದರೂ ಮರದೊಡನೆ ಅಳಿಯಿತೋ! ಮೈಸೂರಿನ ಅರಮನೆಯು 1897ರಲ್ಲಿ ಬೆಂಕಿಗೆ ಆಹುತಿಯಾದ ಮೇಲೆ ಎದ್ದ ಹೊಸ ಅರಮನೆಯ ಯೋಜಕನಾದ ಹೆನ್ರಿ ಇರ್ವಿನ್ನನ ಹೆಸರನ್ನು ನೋಡಬಂದವರೆಲ್ಲರೂ ಕೇಳುತ್ತಾರೆ. ಅಲ್ಲಿ ಬೀಟೆಯ ಮರಕ್ಕೆ ದಂತವನ್ನು ಕೂರಿಸಿದ ಬಾಗಿಲಿನ ಮುಂದೆ ನಿಂತು, ಇದನ್ನು ಮಾಡಿದವರಾರು ಎಂದು ಕೇಳುವವರು ವಿರಳ. ದಂತದ ವ್ಯಾಪಾರವು ನಿಷಿದ್ಧವಾದ ಮೇಲೆಯೂ ಮೈಸೂರಿನ ಕುಶಲಿಗಳು ಬಣ್ಣಬಣ್ಣದ ಮರದ ಚೂರುಗಳಿಂದಲೇ ಬೀಟೆಯ ಮೇಲೆ ಚಿತ್ರಗಳನ್ನು ಕೂರಿಸುತ್ತಿದ್ದಾರೆ. ಲಂಡನ್ನಿನ ಬಡಗಿಯು ಅಕ್ರೋಡಿನ ಮೇಲೆ ಮಾಡುತ್ತಿದ್ದುದೂ ಇದೇ ವಿದ್ಯೆಯನ್ನು.

ಹೆಸರನ್ನು ಮರೆತುದರ ಫಲವನ್ನು ಗಡಿಯಾರಗಳೇ ಅನುಭವಿಸಿದವು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಅಮೆರಿಕದಿಂದ ಅಗ್ಗದ ಗಡಿಯಾರಗಳು ಬಂದು ನಿಲುಗಡಿಯಾರದ ಕಸುಬು ಕ್ಷೀಣಿಸಿತು. ಪ್ರಸಿದ್ಧರ ಹೆಸರುಳ್ಳ ಮುಖಕ್ಕೆ ಬೆಲೆ, ಪೆಟ್ಟಿಗೆಗೆ ಇಲ್ಲ ಎಂಬ ಭಾವನೆಯಿಂದ ವ್ಯಾಪಾರಿಗಳು ಒಂದರ ಯಂತ್ರವನ್ನು ಇನ್ನೊಂದರ ಪೆಟ್ಟಿಗೆಯಲ್ಲಿ ಇಟ್ಟು ಮಾರಿದರು. ಬಲ್ಲವರು ಇದನ್ನು ಮದುವೆಯೆಂದು ಹಾಸ್ಯಮಾಡುವುದುಂಟು. ಈ ಮದುವೆಯನ್ನು ಕಂಡುಹಿಡಿಯಬೇಕಾದರೆ ಮುಖವನ್ನಲ್ಲ, ಮರವನ್ನು ನೋಡಬೇಕು. ಯಂತ್ರವು ಕುಳಿತ ಹಲಗೆಯ ಕೆಳಗೆ ಎತ್ತರಕ್ಕಾಗಿ ಸೇರಿಸಿದ ತುಂಡುಗಳಿವೆಯೆ? ಮುಖದ ಅಂಚು ಕಟ್ಟಿಗೆ ಸರಿಹೊಂದಿದೆಯೆ? ಬೆನ್ನುಹಲಗೆಯ ಮೇಲೆ ಲೋಲಕವು ತಾಗಿ ಮೂಡಿದ ಗೀರು ಈಗಿನ ಬಿಲ್ಲೆಯ ಮಟ್ಟದಲ್ಲಿದೆಯೆ? ಟಾಂಪಿಯನ್ನನ ಕಾರ್ಖಾನೆಯಲ್ಲಿ ಯಂತ್ರದ ಸಂಖ್ಯೆಯನ್ನೇ ಪೆಟ್ಟಿಗೆಯ ಮರದ ಮೇಲೂ ಒತ್ತುತ್ತಿದ್ದುದುಂಟು. ಇವೆರಡನ್ನೂ ಅಗಲಿಸಬಾರದೆಂದು ಆ ಮಹಾಕುಶಲಿಗೆ ತಿಳಿದಿದ್ದಿತು.

ನಮ್ಮವರ ಮನೆಗಳಲ್ಲಿಯೂ ಹಳೆಯ ಗಡಿಯಾರಗಳೂ ಬೀರುಗಳೂ ತೊಟ್ಟಿಲುಗಳೂ ಇವೆ. ನಿಂತುಹೋದ ಗಡಿಯಾರದ ಯಂತ್ರವನ್ನು ತೆಗೆದಿರಿಸಿ, ಹುಳು ಹಿಡಿಯಿತೆಂದು ಪೆಟ್ಟಿಗೆಯನ್ನು ಒಲೆಗೆ ಹಾಕುವ ಮೊದಲು ಒಂದು ಗಳಿಗೆ ಯೋಚಿಸಬೇಕೆಂದು ನಮ್ಮ ಪ್ರಾರ್ಥನೆ. ಅದನ್ನು ಮಾಡಿದ ಆಚಾರಿಯ ಹೆಸರು ಮನೆಯ ಹಿರಿಯರಲ್ಲಿ ಯಾರಿಗಾದರೂ ನೆನಪಿದ್ದರೆ, ಒಂದು ಚೀಟಿಯಲ್ಲಿ ಬರೆದು ಬಾಗಿಲಿನ ಒಳಮೈಗೆ ಅಂಟಿಸಿಡುವುದು ಒಳ್ಳೆಯದು. ಆ ಕೆಲಸಕ್ಕೆ ಐದು ನಿಮಿಷ ಸಾಕು. ಆ ಹೆಸರನ್ನು ಬಲ್ಲವರು ಹೋದ ಮೇಲೆ ಐದು ವರ್ಷ ಹುಡುಕಿದರೂ ಅದು ಸಿಕ್ಕಲಾರದು.